ಟೈಪ್ ಮಾಡೋದಕ್ಕೆ ಎಡಿಟರ್, ಓದೋದಕ್ಕೆ ಐಡಿಇ

ಪ್ರೋಗ್ರಾಮಿಂಗ್ ಕಲಿಯಲು ಹೊರಟವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ: "ಏನು ಇನ್‌ಸ್ಟಾಲ್ ಮಾಡ್ಕೊಳ್ಳಲಿ?" ಕಾಲೇಜಿನ ಸೀನಿಯರ್ ಇಂಟೆಲಿಜೆ ಅನ್ನುತ್ತಾನೆ. ಕಂಪನಿಯಲ್ಲಿ ಕೆಲಸ ಮಾಡುವ ಅಕ್ಕ ವಿಎಸ್ ಕೋಡ್ ಸಾಕು ಅನ್ನುತ್ತಾಳೆ. ಲಿನಕ್ಸ್ ಹುಚ್ಚು ಹಿಡಿದ ಗೆಳೆಯನಿಗೆ ವಿಮ್ ಬಿಟ್ಟು ಉಳಿದದ್ದೆಲ್ಲ ಆಟಿಕೆ. ಮೂವರೂ ತಮಗೆ ಒಗ್ಗಿದ್ದನ್ನು ಹೇಳುತ್ತಿದ್ದಾರೆ ಅಷ್ಟೇ. ನಿಮ್ಮ ಪ್ರಾಜೆಕ್ಟ್ ಯಾವುದು, ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಎಷ್ಟಿದೆ ಅಂತ ಯಾರೂ ಕೇಳಲಿಲ್ಲ, ಅಲ್ವಾ?

ಎಡಿಟರ್ ಅಂದರೆ ಕೋಡ್ ಬರೆದು ತಿದ್ದುವ ಸಾಧನ, ವಿಮ್, ವಿಎಸ್ ಕೋಡ್ ತರಹದ್ದು. ಐಡಿಇ (ಇಂಟಿಗ್ರೇಟೆಡ್ ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟ್) ಅಂದರೆ ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು ಎಲ್ಲ ಒಂದೇ ಕಡೆ ಇರುವ ಸಾಧನ, ಇಂಟೆಲಿಜೆ ತರಹದ್ದು. ಇವೆರಡರಲ್ಲಿ ಯಾವುದು ಅನ್ನುವ ಜಗಳಕ್ಕೆ 40 ವರ್ಷದ ಇತಿಹಾಸ ಇದೆ. ಇಷ್ಟೂ ಕಾಲ ಅದು ಹೆಚ್ಚಾಗಿ ಟೈಪ್ ಮಾಡುವ ವೇಗದ ಸುತ್ತಲೇ ನಡೆಯಿತು. ಕೀಬೋರ್ಡ್‌ನಿಂದ ಕೈ ಎತ್ತದೆ ಕೆಲಸ ಮಾಡಬಹುದಾ, ಒಂದೇ ಏಟಿಗೆ ಹತ್ತು ಸಾಲು ಬದಲಿಸಬಹುದಾ, ಹೀಗೆ. ಈಗ ಎಐ ಬಂದು ಟೈಪ್ ಮಾಡುವ ಕೆಲಸವನ್ನೇ ಕಿತ್ತುಕೊಳ್ಳುತ್ತಿದೆ. ನಮಗೆ ಉಳಿಯುತ್ತಿರುವುದು ಬೇರೆಯವರು, ಅಥವಾ ಬೇರೆ ಯಂತ್ರ, ಬರೆದ ಕೋಡನ್ನು ಓದುವ ಕೆಲಸ. ಓದುವುದಕ್ಕೆ, ಅದು ಓಡುತ್ತಿರುವಾಗ ತಡೆದು ನಿಲ್ಲಿಸಿ ನೋಡುವುದಕ್ಕೆ ಯಾವ ಸಾಧನ ಒಳ್ಳೆಯದು ಅನ್ನುವುದೇ ಈಗ ಕೇಳಬೇಕಾದ ಪ್ರಶ್ನೆ ಅಂತ ನನಗೆ ಅನಿಸುತ್ತದೆ. ಹಾಗೆ ಕೇಳಿದಾಗ ಐಡಿಇ ಕಡೆಗೆ ತಕ್ಕಡಿ ಸ್ವಲ್ಪ ವಾಲುತ್ತದೆ. ಸ್ವಲ್ಪ ಮಾತ್ರ. ಯಾಕೆ ಅಂತ ನೋಡೋಣ.

ಹೆಸರು ಬದಲಿಸುವ ಒಂದು ಸಣ್ಣ ಕೆಲಸ

ಎರಡಕ್ಕೂ ಇರುವ ವ್ಯತ್ಯಾಸವನ್ನು ಒಂದು ಸಣ್ಣ ಕೆಲಸದಲ್ಲಿ ತೋರಿಸಬಹುದು. ಅಂಗಡಿ ಬಿಲ್ಲಿಂಗ್‌ನ ಒಂದು ಜಾವಾ ಪ್ರೋಗ್ರಾಂ ಇದೆ ಅಂದುಕೊಳ್ಳಿ. ಬಿಲ್ ಅನ್ನುವ ಕ್ಲಾಸಿನಲ್ಲಿ 'ಟೋಟಲ್' ಅನ್ನುವ ಮೆಥಡ್ ಇದೆ. ಜಿಎಸ್‌ಟಿ ಸೇರಿಸಿದ ಮೇಲಿನ ಮೊತ್ತವನ್ನು ಅದು ಕೊಡುತ್ತದೆ. ಆ ಹೆಸರನ್ನು 'ಟೋಟಲ್‌ವಿತ್‌ಟ್ಯಾಕ್ಸ್' ಅಂತ ಬದಲಿಸಬೇಕು.

ಬರೀ ಎಡಿಟರ್‌ನಲ್ಲಿ ಮಾಡುವುದಾದರೆ ಹುಡುಕಿ-ಬದಲಿಸುವ ದಾರಿ ಒಂದೇ. ಅದಕ್ಕೆ ಕಾಣುವುದು ಅಕ್ಷರಗಳು ಮಾತ್ರ. ಸ್ಟಾಕ್ ಕ್ಲಾಸಿನಲ್ಲಿ ಬೇರೆಯದೇ ಒಂದು 'ಟೋಟಲ್' ಇರಬಹುದು, ಅದೂ ಬದಲಾಗುತ್ತದೆ. 'ಸಬ್‌ಟೋಟಲ್' ಅನ್ನುವ ವೇರಿಯಬಲ್‌ನ ಬಾಲ ಬದಲಾಗುತ್ತದೆ. ಗ್ರಾಹಕರಿಗೆ ಪ್ರಿಂಟ್ ಆಗುವ ಬಿಲ್ಲಿನ ಮೇಲಿನ 'ಟೋಟಲ್' ಪದವೂ ಬದಲಾಗುತ್ತದೆ. ಅನುಭವ ಇದ್ದವರು ರೆಗ್ಯುಲರ್ ಎಕ್ಸ್‌ಪ್ರೆಶನ್ (ಪದದ ಮಾದರಿ ಹೇಳಿ ಹುಡುಕುವ ಸೂತ್ರ) ಬರೆದು ಅರ್ಧ ತಪ್ಪು ತಪ್ಪಿಸುತ್ತಾರೆ. ಆದರೆ ಬಿಲ್ ಕ್ಲಾಸಿನ ಟೋಟಲ್ ಯಾವುದು, ಸ್ಟಾಕ್ ಕ್ಲಾಸಿನದು ಯಾವುದು ಅನ್ನುವುದು ಅಕ್ಷರಗಳಲ್ಲಿ ಬರೆದಿರುವುದಿಲ್ಲ. ಅದು ಗೊತ್ತಾಗಬೇಕಾದರೆ ಪ್ರೋಗ್ರಾಮನ್ನು ಕಂಪೈಲರ್, ಅಂದರೆ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಪ್ರೋಗ್ರಾಂ, ಓದಿದ ಹಾಗೆ ಓದಬೇಕು.

ಐಡಿಇ ಹಾಗೇ ಓದುತ್ತದೆ. ಪ್ರಾಜೆಕ್ಟ್ ತೆರೆದ ಕೂಡಲೇ ಎಲ್ಲ ಫೈಲ್‌ಗಳನ್ನೂ ಜಾಲಾಡಿ, ಯಾವ ಹೆಸರು ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಬಳಕೆಯಾಯಿತು ಅಂತ ಪಟ್ಟಿ ಮಾಡಿಕೊಳ್ಳುತ್ತದೆ. ಕೆಳಗಡೆ 'ಇಂಡೆಕ್ಸಿಂಗ್' ಅಂತ ಪಟ್ಟಿ ಓಡುತ್ತಾ ಫ್ಯಾನ್ ಗುಂಯ್‌ಗುಡುವುದು ಇದೇ ಕಾರಣಕ್ಕೆ. ಆಮೇಲೆ ಹೆಸರಿನ ಮೇಲೆ ಕರ್ಸರ್ ಇಟ್ಟು ರೀನೇಮ್ ಅಂದರೆ ಸರಿಯಾದ ಜಾಗಗಳಷ್ಟೇ ಬದಲಾಗುತ್ತವೆ.

ಅಂದರೆ ಐಡಿಇ ಅಂತ ಕರೆಯುವುದರ ಹೂರಣ ಮೂರು: ಕೋಡನ್ನು ಅರ್ಥ ಮಾಡಿಕೊಳ್ಳುವ ಭಾಗ, ಅದನ್ನು ಕಟ್ಟಿ ಓಡಿಸುವ ಭಾಗ, ಓಡುತ್ತಿರುವುದನ್ನು ನಿಲ್ಲಿಸಿ ನೋಡುವ ಡಿಬಗ್ಗರ್. ಉಳಿದ ಬಣ್ಣ, ಐಕಾನ್, ಥೀಮ್ ಎಲ್ಲ ಅಲಂಕಾರ.

ನೀಲಿ ಪರದೆಯ ಕಾಲ

ವಿಐ ಎಡಿಟರ್ ಹುಟ್ಟಿದ್ದು 1976ರಲ್ಲಿ, ಬರ್ಕ್ಲಿಯಲ್ಲಿ. ಬರೆದವರು ಬಿಲ್ ಜಾಯ್. ಆಗ ಅವರು ಬಳಸುತ್ತಿದ್ದದ್ದು 300 ಬಾಡ್ ಮೋಡೆಮ್, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಪರದೆ ತುಂಬುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಅದಕ್ಕೇ ವಿಐ ಕಮಾಂಡ್‌ಗಳು ಒಂದೊಂದೇ ಅಕ್ಷರ. ಕರ್ಸರ್ ಆಡಿಸಲು ಎಚ್, ಜೆ, ಕೆ, ಎಲ್ ಯಾಕೆ ಅಂದರೆ, ಅವರ ಎಡಿಎಂ-3ಎ ಟರ್ಮಿನಲ್‌ನ ಕೀಬೋರ್ಡ್‌ನಲ್ಲಿ ಬಾಣದ ಗುರುತು ಆ ಕೀಲಿಗಳ ಮೇಲೇ ಇತ್ತು. ಅದೇ ವರ್ಷ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಸಂಗಡಿಗರು ಈಮ್ಯಾಕ್ಸ್ ಶುರು ಮಾಡಿದರು. ಇವೆರಡೂ, ವಿಐ ವಂಶದ ವಿಮ್ ಸೇರಿ, ಇವತ್ತಿಗೂ ಬದುಕಿವೆ.

ಐಡಿಇ ಅನ್ನುವುದನ್ನು ಜನಸಾಮಾನ್ಯರ ಕೈಗೆ ತಂದದ್ದು 1983ರ ಟರ್ಬೋ ಪ್ಯಾಸ್ಕಲ್. ಅದಕ್ಕೂ ಮೊದಲು ಪಿಸಿಯಲ್ಲಿ ಎಡಿಟರ್ ತೆರೆದು ಬರೆದು, ಮುಚ್ಚಿ, ಕಂಪೈಲರ್ ಓಡಿಸಿ, ತಪ್ಪಿನ ಪಟ್ಟಿ ಓದಿ, ಮತ್ತೆ ಎಡಿಟರ್ ತೆರೆಯಬೇಕಿತ್ತು. ಟರ್ಬೋ ಪ್ಯಾಸ್ಕಲ್ ಎಲ್ಲವನ್ನೂ 40 ಕೆಬಿಗೂ ಕಡಿಮೆ ಗಾತ್ರದ ಒಂದೇ ಪ್ರೋಗ್ರಾಂ ಒಳಗೆ ತುಂಬಿತು. ತಪ್ಪು ಸಿಕ್ಕರೆ ಕರ್ಸರ್ ಆ ಸಾಲಿಗೇ ಹೋಗಿ ಕೂರುತ್ತಿತ್ತು. ಬೆಲೆ 50 ಡಾಲರ್‌ಗೂ ಕಡಿಮೆ. ಅದರ ಕಂಪೈಲರ್ ಬರೆದವರು ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅದೇ ಮನೆತನದ ಟರ್ಬೋ ಸಿ++ ನಮ್ಮ ಕಾಲೇಜುಗಳಿಗೆ ಬಂದು ಝಂಡಾ ಊರಿತು. ಪಿಯುಸಿ ಅಥವಾ ಇಂಜಿನಿಯರಿಂಗ್ ಲ್ಯಾಬಿನಲ್ಲಿ ಕೂತವರಿಗೆ ಆ ನೀಲಿ ಪರದೆ, ಹಳದಿ ಅಕ್ಷರ ಮರೆಯಲಾರದ್ದು. ಕಂಟ್ರೋಲ್ ಎಫ್9 ಒತ್ತಿದರೆ ಓಡುತ್ತದೆ. ಆಲ್ಟ್ ಎಫ್5 ಒತ್ತಿದರೆ ಔಟ್‌ಪುಟ್ ಕಾಣುತ್ತದೆ. ಪ್ರೋಗ್ರಾಮಿನ ಮೊದಲ ಸಾಲಿಗೆ ಪರದೆ ಒರೆಸುವ ಕಮಾಂಡ್, ಕೊನೆಗೆ ಪರದೆ ಮಾಯವಾಗದಂತೆ ತಡೆಯಲು 'ಗೆಟ್‌ಸಿಎಚ್'. ಅವೆರಡೂ ಸಿ ಭಾಷೆಯವೇ ಅಲ್ಲ, ಡಾಸ್ ಕಾಲದ ಕಂಪೈಲರ್‌ಗಳ ಜೊತೆ ಬಂದ ಸೇರ್ಪಡೆ ಅಂತ ಎಷ್ಟೋ ಜನರಿಗೆ ಡಿಗ್ರಿ ಮುಗಿಯುವವರೆಗೂ ಗೊತ್ತಾಗಲಿಲ್ಲ.

ಆ ಕಂಪೈಲರ್ ಬಂದಾಗ ಸಿ++ ಭಾಷೆಗೆ ಐಎಸ್‌ಒ ಸ್ಟ್ಯಾಂಡರ್ಡೇ ಇರಲಿಲ್ಲ. ಮೊದಲ ಸ್ಟ್ಯಾಂಡರ್ಡ್ ಬಂದದ್ದು 1998ರಲ್ಲಿ. ಆಮೇಲೆ 64 ಬಿಟ್ ವಿಂಡೋಸ್ ಬಂತು. ಅದರಲ್ಲಿ 16 ಬಿಟ್ ಡಾಸ್ ಪ್ರೋಗ್ರಾಂಗಳು ಓಡುವುದೇ ಇಲ್ಲ. ಅದಕ್ಕೂ ನಮ್ಮವರು ಜಗ್ಗಲಿಲ್ಲ. ಡಾಸ್‌ಬಾಕ್ಸ್ ಅನ್ನುವ, ಹಳೆಯ ಡಾಸ್ ಕಂಪ್ಯೂಟರಿನ ಹಾಗೆ ನಟಿಸುವ ಎಮ್ಯುಲೇಟರ್ ಒಳಗೆ ಹಳೆಯ ಟರ್ಬೋ ಸಿ++ ಕೂರಿಸಿ, ಹೊಸ ಕಂಪ್ಯೂಟರಿನಲ್ಲಿ ಅದೇ ಲ್ಯಾಬ್ ಪಾಠ ಮುಂದುವರಿಸಿದರು.

ಟರ್ಬೋ ಸಿ++ ಬೈಯುವುದು ಸುಲಭ. ಆದರೆ ಅದರ ಒಂದು ಒಳ್ಳೆಯ ಗುಣವನ್ನು ಬೈಯುವವರು ಮರೆಯುತ್ತಾರೆ. ಅದರಲ್ಲಿ ಒಳ್ಳೆಯ ಡಿಬಗ್ಗರ್ ಇತ್ತು. ಎಫ್7, ಎಫ್8 ಒತ್ತುತ್ತಾ ಒಂದೊಂದೇ ಸಾಲು ಓಡಿಸಿ, ವಾಚ್ ಕಿಟಕಿಯಲ್ಲಿ ವೇರಿಯಬಲ್ ಬದಲಾಗುವುದನ್ನು ನೋಡಬಹುದಿತ್ತು. ಲ್ಯಾಬಿನಲ್ಲಿ ಅದನ್ನು ತೋರಿಸಿಕೊಟ್ಟ ಮೇಷ್ಟ್ರುಗಳು ಕಡಿಮೆ. ಹಾಗಾಗಿ ಐಡಿಇ ಬಳಸಿದರೂ ವಿದ್ಯಾರ್ಥಿಗಳಿಗೆ ಸಿಕ್ಕಿದ್ದು ಅದರ ಕೆಟ್ಟ ಅರ್ಧ ಮಾತ್ರ. ಬಟನ್ ಒತ್ತಿದರೆ ಏನಾಗುತ್ತದೆ ಅಂತ ಗೊತ್ತಿಲ್ಲ, ಕಂಪೈಲ್ ಬೇರೆ ಲಿಂಕ್ ಬೇರೆ ಅಂತ ಗೊತ್ತಿಲ್ಲ, ತಪ್ಪು ಹುಡುಕಲು ಬೆಲೆಗಳನ್ನು ಪರದೆಗೆ ಮುದ್ರಿಸುವ 'ಪ್ರಿಂಟ್‌ಎಫ್' ಒಂದೇ ಗತಿ. ಕೆಲಸಕ್ಕೆ ಸೇರಿದ ಮೇಲೂ ಅದೇ ಅಭ್ಯಾಸ. ಇಷ್ಟು ದೊಡ್ಡ ಐಡಿಇ ಇಟ್ಟುಕೊಂಡು ಲಾಗ್ ಸಾಲು ಹಾಕುತ್ತಾ ಕೂರುವವರು ಬೆಂಗಳೂರಿನ ಯಾವ ಟೆಕ್ ಪಾರ್ಕ್‌ಗೆ ಹೋದರೂ ಸಿಗುತ್ತಾರೆ.

ಗೋಡೆ ಬಿದ್ದ ವರ್ಷ

2000ದ ದಶಕದಲ್ಲಿ ಎರಡೂ ಕಡೆ ಸ್ಪಷ್ಟವಾಗಿತ್ತು. 2001ರಲ್ಲಿ ಇಂಟೆಲಿಜೆ ಐಡಿಯಾ ಬಂತು. ಅದೇ ವರ್ಷ ಐಬಿಎಂ ತನ್ನ ಎಕ್ಲಿಪ್ಸ್ ಅನ್ನುವ ಐಡಿಇಯನ್ನು ಓಪನ್ ಸೋರ್ಸ್ ಮಾಡಿತು. ಜಾವಾ ಮಾಡುವವರು ಆ ಕಡೆ, ಪರ್ಲ್, ಪಿಎಚ್‌ಪಿ, ರೂಬಿ ಮಾಡುವವರು ಎಡಿಟರ್ ಕಡೆ. 2015ರಲ್ಲಿ ಮೈಕ್ರೋಸಾಫ್ಟ್ ವಿಎಸ್ ಕೋಡ್ ಬಿಟ್ಟಾಗ ಅದನ್ನು ಎಡಿಟರ್ ಅಂತಲೇ ಕರೆಯಿತು. ಆದರೆ ಅದರ ತಂಡ ಕಟ್ಟಿದ ಎರಿಕ್ ಗಾಮಾ ಯಾರು ಗೊತ್ತಾ? ಎಕ್ಲಿಪ್ಸ್‌ನ ಜಾವಾ ಭಾಗ ಕಟ್ಟುವುದರಲ್ಲಿ ಮುಂದಾಳಾಗಿದ್ದವರು. ಟರ್ಬೋ ಪ್ಯಾಸ್ಕಲ್‌ನ ಹೈಲ್ಸ್‌ಬರ್ಗ್ ಅಷ್ಟರಲ್ಲಿ ಮೈಕ್ರೋಸಾಫ್ಟ್ ಸೇರಿ, ಸಿ ಶಾರ್ಪ್ ಮುಗಿಸಿ, ಟೈಪ್‌ಸ್ಕ್ರಿಪ್ಟ್ ಮಾಡುತ್ತಿದ್ದರು. ವಿಎಸ್ ಕೋಡ್ ಬರೆದಿರುವುದು ಅದೇ ಟೈಪ್‌ಸ್ಕ್ರಿಪ್ಟ್‌ನಲ್ಲಿ. ಬಳಸುವವರು ಎರಡು ಪಂಗಡ ಮಾಡಿಕೊಂಡು ಜಗಳ ಆಡುತ್ತಿದ್ದರೆ, ಮಾಡುವವರು ಎರಡೂ ಕಡೆ ಓಡಾಡಿಕೊಂಡಿದ್ದರು.

2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಮೂರೂ ಸೇರಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್, ಅಂದರೆ ಎಲ್‌ಎಸ್‌ಪಿ, ಘೋಷಿಸಿದವು. ಉಪಾಯ ಸರಳ. ಕೋಡನ್ನು ಅರ್ಥ ಮಾಡಿಕೊಳ್ಳುವ ಭಾಗವನ್ನು ಎಡಿಟರ್‌ನಿಂದ ಬೇರೆ ಮಾಡಿ, ಪಕ್ಕದಲ್ಲಿ ಓಡುವ ಸ್ವತಂತ್ರ ಪ್ರೋಗ್ರಾಂ ಮಾಡುವುದು. ಎಡಿಟರ್ ಅದಕ್ಕೆ ಸಂದೇಶ ಕಳಿಸಿ ಕೇಳುತ್ತದೆ: ಈ ಫೈಲಿನ 42ನೇ ಸಾಲಿನಲ್ಲಿರುವ ಹೆಸರು ಹುಟ್ಟಿದ್ದು ಎಲ್ಲಿ? ಸರ್ವರ್ ಉತ್ತರ ಕೊಡುತ್ತದೆ. ಮೊದಲು ಹತ್ತು ಎಡಿಟರ್, ಹತ್ತು ಭಾಷೆ ಇದ್ದರೆ ನೂರು ಪ್ಲಗಿನ್ ಬರೆಯಬೇಕಿತ್ತು. ಈಗ ಭಾಷೆಗೊಂದು ಸರ್ವರ್, ಎಡಿಟರ್‌ಗೊಂದು ಕಿಟಕಿ, ಇಪ್ಪತ್ತರಲ್ಲಿ ಕೆಲಸ ಮುಗಿಯುತ್ತದೆ.

ವಿಮ್‌ನ ಕವಲಾದ ನಿಯೋವಿಮ್ 2021ರ 0.5 ಆವೃತ್ತಿಯಲ್ಲಿ ಎಲ್‌ಎಸ್‌ಪಿಯನ್ನು ಒಳಗೇ ಸೇರಿಸಿಕೊಂಡಿತು. ಈಮ್ಯಾಕ್ಸ್ 2023ರಲ್ಲಿ. ಮೇಲೆ ಹೇಳಿದ ರೀನೇಮ್ ಕೆಲಸ ಈಗ ವಿಮ್ ಬಳಸುವವರೂ ಮಾಡಬಹುದು. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದ 2024ರ ಸಮೀಕ್ಷೆಯಲ್ಲಿ ಡೆವಲಪರ್‌ಗಳಲ್ಲಿ ನೂರಕ್ಕೆ 73ಕ್ಕಿಂತ ಹೆಚ್ಚು ಮಂದಿ ವಿಎಸ್ ಕೋಡ್ ಬಳಸುತ್ತೇವೆ ಅಂದದ್ದರ ಹಿಂದೆ ಎಲ್‌ಎಸ್‌ಪಿ ಪಾಲು ದೊಡ್ಡದು.

ಇಲ್ಲೊಂದು ತಮಾಷೆ ಇದೆ. ಎಕ್ಲಿಪ್ಸ್ ಭಾರ, ಬೇಡ ಅಂತ ಬಿಟ್ಟು ಬಂದು ವಿಎಸ್ ಕೋಡ್‌ನಲ್ಲಿ ಜಾವಾ ಬರೆಯುವವರು ಬಹಳ ಮಂದಿ. ಅವರು ಹಾಕಿಕೊಳ್ಳುವ ರೆಡ್ ಹ್ಯಾಟ್‌ನ ಜಾವಾ ಎಕ್ಸ್‌ಟೆನ್ಶನ್ ಒಳಗೆ ಕೂತಿರುವ ಸರ್ವರ್ ಯಾವುದು? ಎಕ್ಲಿಪ್ಸ್‌ನದೇ. ಮುಖ ತೋರಿಸದೆ ಹಿಂದೆ ಓಡುತ್ತಿದೆ. ಮುಂಬಾಗಿಲಲ್ಲಿ ಬೀಳ್ಕೊಟ್ಟ ನೆಂಟರು ಹಿತ್ತಲ ಬಾಗಿಲಿಂದ ಬಂದು ಅಡುಗೆಮನೆಯಲ್ಲಿ ಕೂತ ಹಾಗೆ.

ಇದರ ಪರಿಣಾಮ ನೇರವಾಗಿ ನಿಮ್ಮ ರ‍್ಯಾಮ್ ಮೇಲೆ. ವಿಎಸ್ ಕೋಡ್ ಕಟ್ಟಿರುವುದು ಎಲೆಕ್ಟ್ರಾನ್ ಮೇಲೆ, ಅಂದರೆ ಒಳಗೊಂದು ಕ್ರೋಮಿಯಂ ಬ್ರೌಸರ್ ಇದೆ. ಅದರ ಪಕ್ಕಕ್ಕೆ ಭಾಷೆಗೊಂದು ಸರ್ವರ್. ಪ್ರಾಜೆಕ್ಟ್ ದೊಡ್ಡದಾದರೆ ಜಾವಾ ಸರ್ವರ್ ಆಗಲಿ, ರಸ್ಟ್ ಭಾಷೆಯದ್ದಾಗಲಿ ಒಂದೊಂದೇ ಜಿಬಿಗಟ್ಟಲೆ ನುಂಗುತ್ತವೆ. ಅರ್ಥ ಮಾಡಿಕೊಳ್ಳುವ ಕೆಲಸಕ್ಕೆ ಜಾಗ ಬೇಕೇ ಬೇಕು, ಅದನ್ನು ಯಾರು ಮಾಡಿದರೂ. ಹಾಗಾಗಿ 'ಎಡಿಟರ್ ಹಗುರ' ಅನ್ನುವ ಮಾತನ್ನು ಎಕ್ಸ್‌ಟೆನ್ಶನ್ ಹಾಕುವ ಮೊದಲು ಹೇಳಬೇಕೋ ಆಮೇಲೆ ಹೇಳಬೇಕೋ ನೋಡಿಕೊಳ್ಳಿ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಗೊತ್ತಾಗಿಬಿಡುತ್ತದೆ.

ಆಯ್ಕೆ ನಿಮ್ಮ ಕೈಯಲ್ಲಿ ಇರುವುದು ಎಷ್ಟು?

ನಿಜ ಹೇಳಬೇಕೆಂದರೆ ಅರ್ಧ ಜನರಿಗೆ ಆಯ್ಕೆಯೇ ಇಲ್ಲ. ನೀವು ಮಾಡುವ ಕೆಲಸ ಅದನ್ನು ತೀರ್ಮಾನಿಸಿಬಿಟ್ಟಿರುತ್ತದೆ.

ಐಫೋನ್ ಆಪ್ ಮಾಡಬೇಕಾ? ಮ್ಯಾಕ್ ಬೇಕು, ಎಕ್ಸ್‌ಕೋಡ್ ಬೇಕು, ಮಾತು ಮುಗಿಯಿತು. ಬೇರೆ ಕಡೆ ಬರೆದರೂ ಸೈನ್ ಮಾಡಿ ಫೋನಿಗೆ ಕಳಿಸುವಾಗ ಅದರ ಸಲಕರಣೆಗಳೇ ಬೇಕು. ವಿಂಡೋಸ್‌ನಲ್ಲಿ ದೊಡ್ಡ ಸಿ ಶಾರ್ಪ್ ಪ್ರಾಜೆಕ್ಟ್ ಅಂದರೆ ವಿಶುವಲ್ ಸ್ಟುಡಿಯೋ. ಪೈಥಾನ್, ಜಾವಾಸ್ಕ್ರಿಪ್ಟ್, ಗೋ ಇವುಗಳಲ್ಲಿ ಕಮಾಂಡ್ ಲೈನ್ ಸಲಕರಣೆಗಳು ಮೊದಲಿನಿಂದಲೂ ಗಟ್ಟಿ. ಅಲ್ಲಿ ಎಡಿಟರ್ ಧಾರಾಳ ಸಾಕು. ಹೊಸದಾಗಿ ಪೈಥಾನ್ ಕಲಿಯುವವರಿಗೆ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದ ಥಾನಿ ಚೆನ್ನಾಗಿದೆ. ವೇರಿಯಬಲ್‌ಗಳ ಬೆಲೆ ಪಕ್ಕದಲ್ಲೇ ಕಾಣುತ್ತದೆ, ಬೇರೆ ಗೋಜಲಿಲ್ಲ.

ಎಲೆಕ್ಟ್ರಾನಿಕ್ಸ್ ಓದುವವರ ಕಥೆ ಬೇರೆ. ಹೆಚ್ಚಾಗಿ ಚಿಪ್ ತಯಾರಕರು ಕೊಟ್ಟದ್ದನ್ನೇ ಬಳಸುತ್ತಾರೆ. ಎಸ್‌ಟಿಎಂ32 ಬೋರ್ಡಿಗೆ ಕೊಡುವ ಐಡಿಇ ಎಕ್ಲಿಪ್ಸ್ ಮೇಲೆ ಕಟ್ಟಿದ್ದು. ಆರ್ಡುಯಿನೋದಲ್ಲಿ ಮಾತ್ರ ಒಂದೇ ಅಪ್‌ಲೋಡ್ ಬಟನ್. ಅದನ್ನು ಒತ್ತಿದಾಗ ಕಂಪೈಲರ್ ಓಡಿ, ಹೆಕ್ಸ್ ಫೈಲ್ ತಯಾರಾಗಿ, ಇನ್ನೊಂದು ಪ್ರೋಗ್ರಾಂ ಅದನ್ನು ಯುಎಸ್‌ಬಿ ಮೂಲಕ ಚಿಪ್ಪಿಗೆ ಸುರಿಯುತ್ತದೆ. ಪ್ರಿಫರೆನ್ಸಸ್‌ನಲ್ಲಿ ವರ್ಬೋಸ್ ಔಟ್‌ಪುಟ್ ಆನ್ ಮಾಡಿದರೆ ಆ ಕಮಾಂಡ್‌ಗಳೆಲ್ಲ ಕೆಳಗೆ ಸಾಲಾಗಿ ಕಾಣುತ್ತವೆ. ಕಲಿಯುವವರು ಒಂದು ಸಲ ಆನ್ ಮಾಡಿ ಓದಬೇಕು.

ಆಂಡ್ರಾಯ್ಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ನಮ್ಮ ಹುಡುಗ ಹುಡುಗಿಯರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಆಂಡ್ರಾಯ್ಡ್ ಸ್ಟುಡಿಯೋ ಇಂಟೆಲಿಜೆ ಮೇಲೆ ಕಟ್ಟಿದ್ದು. 1.0 ಆವೃತ್ತಿ ಬಂದದ್ದು 2014ರ ಡಿಸೆಂಬರ್‌ನಲ್ಲಿ. ಮರುವರ್ಷವೇ ಗೂಗಲ್ ಎಕ್ಲಿಪ್ಸ್ ಪ್ಲಗಿನ್‌ಗೆ ಬೆಂಬಲ ನಿಲ್ಲಿಸುವುದಾಗಿ ಹೇಳಿತು. ಈಗ ಗೂಗಲ್ ಹೇಳುವ ಪ್ರಕಾರ ಸ್ಟುಡಿಯೋ ಒಂದಕ್ಕೇ ಕನಿಷ್ಠ 8 ಜಿಬಿ ರ‍್ಯಾಮ್, ಎಮ್ಯುಲೇಟರ್ (ಕಂಪ್ಯೂಟರ್ ಒಳಗಿನ ನಕಲಿ ಫೋನ್) ಕೂಡ ಬೇಕಾದರೆ 16. ಇಎಂಐ ಕಟ್ಟಿ ತಂದ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಸ್ಟುಡಿಯೋ ಒಂದು, ಆಪ್ ಕಟ್ಟುವ ಗ್ರೇಡಲ್ ಇನ್ನೊಂದು, ಎಮ್ಯುಲೇಟರ್ ಮತ್ತೊಂದು, ಜೊತೆಗೆ ಕ್ರೋಮ್‌ನಲ್ಲಿ ಯೂಟ್ಯೂಬ್ ಪಾಠ. ಮೌಸ್ ಕೂಡ ಅಲ್ಲಾಡುವುದಿಲ್ಲ.

ಇದಕ್ಕೆ ಪರಿಹಾರ ಸ್ಟುಡಿಯೋ ಬಿಡುವುದಲ್ಲ, ಎಮ್ಯುಲೇಟರ್ ಬಿಡುವುದು. ಕೈಯಲ್ಲಿರುವ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ. ಡೆವಲಪರ್ ಆಪ್ಶನ್ಸ್ ತೆರೆಯುತ್ತದೆ. ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ ಕೇಬಲ್ ಚುಚ್ಚಿದರೆ ಆಪ್ ನೇರ ಫೋನಿನಲ್ಲೇ ಓಡುತ್ತದೆ. ಎಮ್ಯುಲೇಟರ್‌ಗಿಂತ ಅದೇ ವಾಸಿ, ನಿಜವಾದ ಫೋನಲ್ವಾ.

ಕನ್ನಡದಲ್ಲಿ ಆಪ್ ಮಾಡುವವರಿಗೆ ಐಡಿಇಯ ಇನ್ನೊಂದು ಉಪಯೋಗ ಇಲ್ಲಿ ಕಾಣುತ್ತದೆ. ಆಪಿನ ಕನ್ನಡ ಮಾತುಗಳೆಲ್ಲ 'ವ್ಯಾಲ್ಯೂಸ್-ಕೆಎನ್' ಫೋಲ್ಡರ್‌ನ ಒಂದು ಫೈಲಿನಲ್ಲಿ ಇರುತ್ತವೆ. ಇಂಗ್ಲಿಷಿನಲ್ಲಿ ಹೊಸ ಸಾಲು ಸೇರಿಸಿ ಕನ್ನಡದ್ದು ಮರೆತರೆ ಆಂಡ್ರಾಯ್ಡ್ ಸ್ಟುಡಿಯೋ ಎಚ್ಚರಿಸುತ್ತದೆ. ಅನುವಾದದ ಕಿಟಕಿ ತೆರೆದರೆ ಎಲ್ಲ ಭಾಷೆಗಳೂ ಪಕ್ಕಪಕ್ಕ ಕಾಣುತ್ತವೆ, ಖಾಲಿ ಬಿಟ್ಟ ಜಾಗ ಎದ್ದು ಕಾಣುತ್ತದೆ. ಬರೀ ಎಡಿಟರ್‌ನಲ್ಲಿ ಆ ಫೈಲ್ ತೆರೆದರೆ ಇದ್ದದ್ದು ಕಾಣುತ್ತದೆ, ಇಲ್ಲದ್ದು ಕಾಣುವುದಿಲ್ಲ.

ಅದೇ ಫೈಲನ್ನು ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ಒಳಗೆ ವಿಮ್‌ನಲ್ಲಿ ತೆರೆದರೆ ಇನ್ನೊಂದು ಫಜೀತಿ. ಟರ್ಮಿನಲ್ ಪರದೆಯನ್ನು ಸಮನಾದ ಚೌಕಗಳಾಗಿ ಕತ್ತರಿಸಿಟ್ಟಿರುತ್ತದೆ, ಚೌಕಕ್ಕೊಂದು ಅಕ್ಷರ. ಕನ್ನಡ ಹಾಗೆ ಕೂರುವುದಿಲ್ಲ. 'ಕ್ಷ' ನಮಗೆ ಒಂದಕ್ಷರ, ಯೂನಿಕೋಡ್‌ಗೆ ಮೂರು ಸಂಕೇತ. ಹೆಚ್ಚಿನ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು, ಗುಣಿತ ಬೇರೆಲ್ಲೋ ಹೋಗಿ, ಕರ್ಸರ್ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಅಂಥ ಕೆಲಸಕ್ಕೆ ಕಿಟಕಿ ಇರುವ ಎಡಿಟರ್ ಆಗಲಿ ಐಡಿಇ ಆಗಲಿ ಬೇಕೇ ಬೇಕು.

ಹಾಗಂತ ವಿಐ ಬೇಡ ಅಂತಲ್ಲ. ದೂರದ ಸರ್ವರ್‌ಗೆ ಟರ್ಮಿನಲ್‌ನಿಂದ ಸೇರಿಕೊಂಡಾಗ (ಎಸ್‌ಎಸ್‌ಎಚ್), ರಾತ್ರಿ ಏನೋ ಕೆಟ್ಟು ಒಂದು ಕಾನ್ಫಿಗ್ ಫೈಲ್ ತಿದ್ದಬೇಕಾದಾಗ ಅಲ್ಲಿ ಸಾಮಾನ್ಯವಾಗಿ ಸಿಗುವುದು ಅದೊಂದೇ. ಯುನಿಕ್ಸ್‌ನ ಪಾಸಿಕ್ಸ್ ಸ್ಟ್ಯಾಂಡರ್ಡ್‌ನಲ್ಲೇ ಅದರ ಹೆಸರಿದೆ. ವಿಮ್‌ನಿಂದ ಹೊರಗೆ ಬರುವುದು ಹೇಗೆ ಅನ್ನುವ ಸ್ಟ್ಯಾಕ್ ಓವರ್‌ಫ್ಲೋ ಪ್ರಶ್ನೆಯನ್ನು 2017ರ ಹೊತ್ತಿಗೇ 10 ಲಕ್ಷ ಸಲ ನೋಡಿದ್ದರು. ಎಸ್ಕೇಪ್, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ. ಒಳಗೆ ಹೋಗುವುದು, ತಿದ್ದುವುದು, ಉಳಿಸಿ ಬರುವುದು, ಇಷ್ಟು ಕಲಿಯಲು ಒಂದು ಮಧ್ಯಾಹ್ನ ಸಾಕು. ಅದನ್ನೇ ಜೀವನಶೈಲಿ ಮಾಡಿಕೊಳ್ಳಬೇಕಾಗಿಲ್ಲ.

ಈಗ ಎಐ

2021ರ ಜೂನ್‌ನಲ್ಲಿ ಗಿಟ್‌ಹಬ್ ಕೋಪೈಲಟ್ ಪ್ರಯೋಗಕ್ಕೆ ಬಂದಾಗ ಅದು ಮುಂದಿನ ಸಾಲು ಊಹಿಸುವ ಸಹಾಯಕ ಅಷ್ಟೇ ಆಗಿತ್ತು. 2023ರಿಂದ 'ಕರ್ಸರ್' ಅನ್ನುವ ಎಐ ಎಡಿಟರ್ ತರಹದವು ಬಂದವು. ಅದು ವಿಎಸ್ ಕೋಡ್‌ನದೇ ಕವಲು, ಅಂದರೆ ಅದರ ಮೂಲ ಕೋಡ್ ತೆಗೆದುಕೊಂಡು ಬೇರೆಯಾಗಿ ಬೆಳೆಸಿದ್ದು. 2025ರಲ್ಲಿ ಕ್ಲಾಡ್ ಕೋಡ್, ಜೆಮಿನೈ ಸಿಎಲ್‌ಐ ಅಂಥ ಏಜೆಂಟ್‌ಗಳು ನೇರ ಟರ್ಮಿನಲ್‌ಗೇ ಬಂದು ಕೂತವು. ಏನು ಬೇಕು ಅಂತ ಹೇಳಿದರೆ ಅವೇ ಫೈಲ್ ತೆರೆದು, ತಿದ್ದಿ, ಟೆಸ್ಟ್ ಓಡಿಸುತ್ತವೆ.

ಇದನ್ನು ನೋಡಿ ಕೆಲವರು ಐಡಿಇ ಕಾಲ ಮುಗಿಯಿತು ಅನ್ನುತ್ತಿದ್ದಾರೆ. ಟರ್ಮಿನಲ್ ಒಂದು, ಹಗುರವಾದ ಎಡಿಟರ್ ಒಂದು ಇದ್ದರೆ ಸಾಕಂತೆ. ನನಗೆ ಹಾಗೆ ಕಾಣುವುದಿಲ್ಲ. ಏಜೆಂಟ್ ಒಂದೇ ಸಲಕ್ಕೆ ಹದಿನೈದು ಫೈಲ್ ಬದಲಿಸಿ "ಮುಗಿಯಿತು" ಅಂದಾಗ ನಿಮ್ಮ ಕೆಲಸ ಶುರುವಾಗುತ್ತದೆ. ಈ ಮೆಥಡ್ ಅನ್ನು ಯಾರ‍್ಯಾರು ಕರೆಯುತ್ತಿದ್ದಾರೆ? ಇದೇ ಕೆಲಸ ಮಾಡುವ ಇನ್ನೊಂದು ಮೆಥಡ್ ಮೊದಲೇ ಇತ್ತಾ? ಇಂಟರ್‌ಫೇಸ್‌ನ ಹಿಂದೆ ನಿಜವಾಗಿ ಓಡುತ್ತಿರುವುದು ಯಾವ ಕ್ಲಾಸ್? ಇವು ಅಕ್ಷರ ಹುಡುಕಿ ಸಿಗುವ ಉತ್ತರಗಳಲ್ಲ. ಅಂದಹಾಗೆ ಟರ್ಮಿನಲ್ ಏಜೆಂಟ್‌ಗಳೂ ಪ್ರಾಜೆಕ್ಟ್ ಒಳಗೆ ಹೆಚ್ಚಾಗಿ ಗ್ರೆಪ್ ತರಹದ ಪದ-ಹುಡುಕಾಟದಿಂದಲೇ ದಾರಿ ಕಂಡುಕೊಳ್ಳುತ್ತವೆ. ಬಿಲ್ ಕ್ಲಾಸಿನ ಟೋಟಲ್, ಸ್ಟಾಕ್ ಕ್ಲಾಸಿನ ಟೋಟಲ್ ಅನ್ನುವ ಹಳೆಯ ಗೊಂದಲಕ್ಕೆ ಅವೂ ಬೀಳಬಹುದು. ಬಿದ್ದದ್ದನ್ನು ಹಿಡಿಯಬೇಕಾದವರು ನೀವು.

ಡಿಬಗ್ಗರ್ ಬೆಲೆ ಗೊತ್ತಾಗುವುದೂ ಇಲ್ಲೇ. ಅದೇ ಬಿಲ್ಲಿಂಗ್ ಪ್ರೋಗ್ರಾಂ ಒಂದು ಲಕ್ಷ ಬಿಲ್ ಲೆಕ್ಕ ಹಾಕುತ್ತದೆ, ಅದರಲ್ಲಿ ಒಂದರಲ್ಲಿ ಮಾತ್ರ ಮೊತ್ತ ಮೈನಸ್ ಬರುತ್ತಿದೆ ಅಂದುಕೊಳ್ಳಿ. ಪ್ರಿಂಟ್ ಹಾಕಿದರೆ ಒಂದು ಲಕ್ಷ ಸಾಲು. ಡಿಬಗ್ಗರ್‌ನಲ್ಲಿ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ಇಲ್ಲಿ ನಿಲ್ಲಲಿ ಅನ್ನುವ ಗುರುತು) ಇಟ್ಟು, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, 'ಮೊತ್ತ ಸೊನ್ನೆಗಿಂತ ಕಡಿಮೆ ಇದ್ದರೆ ಮಾತ್ರ ನಿಲ್ಲು' ಅಂತ ಷರತ್ತು ಬರೆಯಬಹುದು. ಪ್ರೋಗ್ರಾಂ ಓಡಿ ಸರಿಯಾಗಿ ಆ ಬಿಲ್ ಬಂದಾಗಲೇ ನಿಲ್ಲುತ್ತದೆ. ಎಡಗಡೆ ಯಾರು ಯಾರನ್ನು ಕರೆದು ಇಲ್ಲಿಗೆ ಬಂದರು ಅನ್ನುವ ಪಟ್ಟಿ ಇರುತ್ತದೆ. ಮೇಲಕ್ಕೆ ಹತ್ತುತ್ತಾ ಹೋದರೆ, ವಾಪಸ್ ಬಂದ ಸರಕಿಗೆ ರಿಯಾಯಿತಿಯನ್ನು ಎರಡು ಸಲ ಕಳೆದದ್ದು ಕಣ್ಣಿಗೆ ಬೀಳುತ್ತದೆ. ವಿಎಸ್ ಕೋಡ್‌ನಲ್ಲೂ ಇದು ಆಗುತ್ತದೆ, ಆದರೆ ಒಂದು ಸೆಟ್ಟಿಂಗ್ ಫೈಲ್ ಬರೆದುಕೊಳ್ಳಬೇಕಾಗಬಹುದು. ಜಾವಾ, ಕೋಟ್ಲಿನ್, ಸಿ ಶಾರ್ಪ್‌ನಂಥವುಗಳಿಗೆ ಐಡಿಇಯಲ್ಲಿ ಅದು ತೆರೆದ ಕೂಡಲೇ ಸಿದ್ಧ. ನೀವು ಬರೆಯದ ಕೋಡಿನಲ್ಲಿ ತಪ್ಪು ಹುಡುಕುವಾಗ ಇದಕ್ಕಿಂತ ನಂಬಿಕಸ್ತ ದಾರಿ ಇನ್ನೊಂದಿಲ್ಲ.

ಆದ್ದರಿಂದಲೇ ತಕ್ಕಡಿ ಐಡಿಇ ಕಡೆ ವಾಲುತ್ತದೆ ಅಂದದ್ದು. ಸ್ವಲ್ಪ ಮಾತ್ರ ಅಂದದ್ದು ಯಾಕೆಂದರೆ, ಐಡಿಇ ಮಾಡುವ ಕಟ್ಟುವ-ಓಡಿಸುವ ಕೆಲಸದ ಕಮಾಂಡ್‌ಗಳು ಏಜೆಂಟ್‌ಗೆ ಗೊತ್ತಿರಬೇಕು. ನಿಮ್ಮ ಪ್ರಾಜೆಕ್ಟ್ ಐಡಿಇಯ ಹಸಿರು ಬಟನ್ ಒತ್ತಿದರೆ ಮಾತ್ರ ಓಡುತ್ತದೆ, ಕಮಾಂಡ್ ಲೈನ್‌ನಿಂದ ಓಡುವುದಿಲ್ಲ ಅಂತಾದರೆ ಏಜೆಂಟ್ ಕೈ ಕಟ್ಟಿಹಾಕಿದಂತೆ. ಹೊಸದಾಗಿ ಸೇರಿದ ಸಹೋದ್ಯೋಗಿಗೂ ಅದೇ ಗತಿ, ಕೋಡ್ ಕಳಿಸಿದಾಗ ತಾನೇ ಟೆಸ್ಟ್ ಓಡಿಸುವ ಸರ್ವರ್‌ಗೂ ಅದೇ ಗತಿ.

ಯಾರ ಅಂಗಳದಲ್ಲಿ ಕೂತಿದ್ದೀರಿ

ಎಡಿಟರ್ ಅಂದರೆ ಸ್ವತಂತ್ರ, ಐಡಿಇ ಅಂದರೆ ಕಂಪನಿಯದ್ದು ಅನ್ನುವ ಭಾವನೆ ಹಲವರಿಗೆ ಇದೆ. ಈಗ ಅದು ಅಷ್ಟು ಸರಳ ಇಲ್ಲ. ವಿಎಸ್ ಕೋಡ್‌ನ ಮೂಲ ಕೋಡ್ ಎಂಐಟಿ ಲೈಸೆನ್ಸ್‌ನಲ್ಲಿ ಮುಕ್ತ. ಆದರೆ ನಾವು ಡೌನ್‌ಲೋಡ್ ಮಾಡುವ ಮೈಕ್ರೋಸಾಫ್ಟ್ ಆವೃತ್ತಿಗೆ ಬೇರೆ ಲೈಸೆನ್ಸ್. ಅದರ ಎಕ್ಸ್‌ಟೆನ್ಶನ್ ಮಾರುಕಟ್ಟೆಯನ್ನು ಬೇರೆಯವರು ತಮ್ಮ ಎಡಿಟರ್‌ಗಳಲ್ಲಿ ಬಳಸುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನ ಸಿ++ ಎಕ್ಸ್‌ಟೆನ್ಶನ್ ಕರ್ಸರ್, ವಿಎಸ್ ಕೋಡಿಯಂನಂಥ ಕವಲುಗಳಲ್ಲಿ ಕೆಲಸ ನಿಲ್ಲಿಸಿದಾಗ ಆ ಷರತ್ತಿನ ಬಿಸಿ ತಟ್ಟಿತು. ಇನ್ನು ಎಕ್ಸ್‌ಟೆನ್ಶನ್‌ಗಳ ಬಗ್ಗೆ ಒಂದು ಮಾತು: ಅವು ನಿಮ್ಮ ಹೆಸರಿನಲ್ಲೇ, ನಿಮಗಿರುವ ಎಲ್ಲ ಅಧಿಕಾರದೊಂದಿಗೇ ಓಡುತ್ತವೆ. ಬಣ್ಣ ಚೆನ್ನಾಗಿದೆ ಅಂತ ಸುಮ್ನೆ ಸಿಕ್ಕಸಿಕ್ಕದ್ದು ಹಾಕಿಕೊಳ್ಳಬೇಡಿ.

ಕಂಪನಿ ಮನಸ್ಸು ಬದಲಿಸಿದರೆ ಸಾಧನವೇ ಹೋಗುತ್ತದೆ. ಗಿಟ್‌ಹಬ್‌ನ ಆಟಮ್ ಎಡಿಟರ್ ಒಂದು ಕಾಲದ ಕಣ್ಮಣಿ. ಎಲೆಕ್ಟ್ರಾನ್ ಹುಟ್ಟಿದ್ದೇ ಅದಕ್ಕಾಗಿ. 2018ರಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ ಕೊಂಡಿತು, 2022ರ ಡಿಸೆಂಬರ್‌ನಲ್ಲಿ ಆಟಮ್ ಮುಚ್ಚಿತು. ಮ್ಯಾಕ್‌ನ ವಿಶುವಲ್ ಸ್ಟುಡಿಯೋ 2024ರಲ್ಲಿ ನಿಂತಿತು. ವಿಮ್ ಕಟ್ಟಿದ ಬ್ರಾಮ್ ಮೂಲೆನಾರ್ 2023ರಲ್ಲಿ ತೀರಿಕೊಂಡರು, ವಿಮ್ ಮಾತ್ರ ಸಮುದಾಯದ ಕೈಯಲ್ಲಿ ನಡೆಯುತ್ತಿದೆ.

ಬೆಲೆ ವಿಷಯಕ್ಕೆ ಬಂದರೆ, ವಿದ್ಯಾರ್ಥಿಗಳಿಗೆ ಈಗ ದುಡ್ಡು ತಡೆಯೇ ಅಲ್ಲ. ಇಂಟೆಲಿಜೆ ಮಾಡುವ ಜೆಟ್‌ಬ್ರೇನ್ಸ್ ಕಂಪನಿ 2024ರ ಅಕ್ಟೋಬರ್‌ನಲ್ಲಿ ತನ್ನ ವೆಬ್‌ಸ್ಟಾರ್ಮ್, ರೈಡರ್ ಐಡಿಇ ಎರಡನ್ನೂ ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ ಮಾಡಿತು. ಸಣ್ಣ ಕಂಪನಿ ನಡೆಸುವವರು ಮಾತ್ರ ಲೈಸೆನ್ಸ್ ಓದಬೇಕು. ವಿಶುವಲ್ ಸ್ಟುಡಿಯೋ ಕಮ್ಯುನಿಟಿ ಉಚಿತವೇ, ಆದರೆ ಸಂಸ್ಥೆಯೊಳಗೆ ಐದು ಜನರವರೆಗೆ ಮಾತ್ರ, ಅದೂ 250 ಕಂಪ್ಯೂಟರ್ ಅಥವಾ ವರ್ಷಕ್ಕೆ 10 ಲಕ್ಷ ಡಾಲರ್ ಆದಾಯ ಮೀರದಿದ್ದರೆ. ಅದನ್ನು ಬಳಸುವ ಆರನೆಯವರನ್ನು ಕೆಲಸಕ್ಕೆ ತೆಗೆದುಕೊಂಡ ದಿನ ಲೆಕ್ಕ ಬದಲಾಗುತ್ತದೆ. ಆಡಿಟ್ ಬರುವವರೆಗೂ ಇದು ಎಷ್ಟೋ ಸ್ಟಾರ್ಟಪ್‌ಗಳಿಗೆ ಹೊಳೆಯುವುದಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟು. ಜಾವಾ, ಕೋಟ್ಲಿನ್, ಸಿ ಶಾರ್ಪ್ ಆದರೆ ಐಡಿಇ ಹಾಕಿಕೊಳ್ಳಿ, ಮೊದಲ ವಾರವೇ ಅದರ ಡಿಬಗ್ಗರ್ ಕಲಿಯಿರಿ. ಪೈಥಾನ್, ಜಾವಾಸ್ಕ್ರಿಪ್ಟ್ ಆದರೆ ವಿಎಸ್ ಕೋಡ್, ಎರಡು ಮೂರು ಎಕ್ಸ್‌ಟೆನ್ಶನ್, ಅಷ್ಟೇ. ಅಲ್ಲೂ ಡಿಬಗ್ಗರ್ ಬಿಡಬೇಡಿ. ಲ್ಯಾಪ್‌ಟಾಪ್ 4 ಜಿಬಿಯದ್ದಾದರೆ ಜೀನಿ ಅಥವಾ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂಥ ಹಗುರ ಎಡಿಟರ್ ಸಾಕು, ಪಕ್ಕದಲ್ಲಿ ಟರ್ಮಿನಲ್ ಇರಲಿ. ಆಮೇಲೆ ಒಂದು ಶನಿವಾರ ಕೂತು, ನಿಮ್ಮ ಪ್ರಾಜೆಕ್ಟನ್ನು ಬೇರೊಂದು ಫೋಲ್ಡರ್‌ಗೆ ಹೊಸದಾಗಿ ಇಳಿಸಿ, ಐಡಿಇ ತೆರೆಯದೆ ಟರ್ಮಿನಲ್ ಒಂದರಿಂದಲೇ ಕಟ್ಟಿ ಓಡಿಸಲು ನೋಡಿ. ಯಾವ ಲೈಬ್ರರಿ ಸಿಗಲಿಲ್ಲ, ಯಾವ ಸೆಟ್ಟಿಂಗ್ ಐಡಿಇ ಒಳಗೆ ಮಾತ್ರ ಇತ್ತು, ಜಾವಾದ ಯಾವ ಆವೃತ್ತಿ ಬೇಕಿತ್ತು ಎಲ್ಲ ಆಗ ಹೊರಗೆ ಬರುತ್ತದೆ. ಸಿಕ್ಕ ಕಮಾಂಡ್‌ಗಳನ್ನು ಪ್ರಾಜೆಕ್ಟಿನ ರೀಡ್‌ಮಿ ಫೈಲಿಗೆ ಬರೆದಿಡಿ.